ವಿಚಾರಿಸುವುದೆಂದರೆ

ಬಾಗಲಕೋಟೆಯ ಬಸ್ ನಿಲ್ದಾಣದಲ್ಲಾಗಲಿ ಬೆಳಗಾವಿಯ ರೈಲು ನಿಲ್ದಾಣದಲ್ಲಾಗಲಿ ‘ವಿಚಾರಣೆ’ ಎಂಬ ಫಲಕದ ಕೆಳಗೆ ಪ್ರಶ್ನೆ ಕೇಳುವವರು ಪ್ರಯಾಣಿಕರು, ಉತ್ತರ ಹೇಳಬೇಕಾದವರು ಕಿಟಕಿಯೊಳಗೆ ಕುಳಿತ ನೌಕರರು. ‘ಜಮಖಂಡಿ ಗಾಡಿ ಎಷ್ಟಕ್ಕ ಐತ್ರಿ?’, ‘ಹೋತೇನ್ರಿ?’, ‘ಮತ್ತ ಮುಂದಿಂದು?’ ಎಂದು ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಇಣುಕಿ ಕೇಳುತ್ತಿರುವಾಗ ನಿಜಕ್ಕೂ ವಿಚಾರಣೆಗೆ ಒಳಗಾಗಿರುವವರು ಆ ಕಂಟ್ರೋಲರ್ ಸಾಹೇಬರೇ. ಆದರೆ ಅಲ್ಲಿಯೇ ಒಂದು ಪತ್ರಿಕೆ ಕೊಂಡು ಬಿಡಿಸಿದರೆ, ‘ಪೊಲೀಸರು ಆರೋಪಿಯನ್ನು ವಶಕ್ಕೆ ಪಡೆದು ವಿಚಾರಣೆ ನಡೆಸುತ್ತಿದ್ದಾರೆ’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಶಬ್ದ ಅದೇ, ಕೇಳುವ ಅಧಿಕಾರ ಮಾತ್ರ ಕಿಟಕಿಯ ಆಚೆ ಬದಿಗೆ ಹೋಗಿರುತ್ತದೆ. ರೈಲ್ವೆ ಫಲಕದ ಮೇಲಿನ ಹಿಂದಿಯ ‘ಪೂಛ್‌ತಾಛ್’ ಕೂಡ ಠಾಣೆ, ನಿಲ್ದಾಣ ಎರಡರಲ್ಲಿಯೂ ನೌಕರಿ ಮಾಡುತ್ತದೆಂಬುದನ್ನು ನೆನೆದರೆ, ಈ ಇಬ್ಬಂದಿ ನಮ್ಮೊಬ್ಬರದೇ ಅಲ್ಲವೆಂದು ಸಮಾಧಾನವಾಗುತ್ತದೆ.

ಕನ್ನಡದ ವಿಶೇಷವಿರುವುದು ವಿಭಕ್ತಿಯಲ್ಲಿ. ‘ಅವರಲ್ಲಿ ವಿಚಾರಿಸಿದೆ’ ಎಂದರೆ ನನಗೆ ತಿಳಿಯದ್ದು ಅವರಿಗೆ ತಿಳಿದಿದೆಯೆಂದು ಒಪ್ಪಿಕೊಂಡು ಕೇಳಿದಂತಾಯಿತು. ‘ಅವರ ಬಗ್ಗೆ ವಿಚಾರಿಸಿದೆ’ ಎಂದರೆ ಅವರಿಗೆ ಸುಳಿವು ಹತ್ತದ ಹಾಗೆ ಮೂರನೆಯವರನ್ನು ಕೇಳಿದಂತೆ. ಹೆಣ್ಣು ಕೊಡುವ ಮೊದಲು ಮನೆತನ ಎಂಥದು, ಹೊಲಕ್ಕೆ ನೀರಿದೆಯೇ, ಸಾಲವೆಷ್ಟು, ಹುಡುಗನಿಗೆ ಚಟವೇನಾದರೂ ಉಂಟೇ ಎಂಬುದೆಲ್ಲ ಹೊರಬೀಳುವುದು ಈ ಮಾರ್ಗದಿಂದಲೇ. ‘ಅವರನ್ನು ವಿಚಾರಿಸಿದೆ’ ಎಂಬಲ್ಲಿಗೆ ಬಂದಾಗ ಮಾತ್ರ ಕೇಳುಗನು ಸ್ವಲ್ಪ ತಾಳಬೇಕು, ಏಕೆಂದರೆ ಅದು ಠಾಣೆಯ ಮಾತಾಗಿರಬಹುದು, ಮದುವೆ ಮನೆಯ ಮಾತೂ ಆಗಿರಬಹುದು. ‘ಬೀಗರನ್ನ ಒಂದೀಟು ವಿಚಾರಿಸ್ರಪಾ’ ಎಂದು ಹಿರಿಯರು ಕೂಗಿದೊಡನೆ ಹುಡುಗರು ಹೋಳಿಗೆಯ ಬುಟ್ಟಿ, ತುಪ್ಪದ ಗಿಂಡಿ ಹಿಡಿದು ಪಂಕ್ತಿಗೆ ಓಡುತ್ತಾರೆ. ಅಲ್ಲಿ ಬಾಯಿಬಿಟ್ಟು ಕೇಳುವುದೂ ಅಷ್ಟು ಸರಿಯಲ್ಲ, ಕೇಳಿದರೆ ಸಂಕೋಚದವರು ಸಾಕೆನ್ನುತ್ತಾರೆ. ಎಲೆಯನ್ನು ನೋಡಿಯೇ ಬಡಿಸುವವನು ಪಂಕ್ತಿಯನ್ನು ಚೆನ್ನಾಗಿ ವಿಚಾರಿಸಿದನೆಂದು ಹೆಸರು ಪಡೆಯುತ್ತಾನೆ. ಇದೇ ಕ್ರಿಯಾಪದಕ್ಕೆ ‘ಕೊಳ್ಳು’ ಅಂಟಿಸಿ ‘ಅವನ್ನ ವಿಚಾರಿಸ್ಕೋತೀನಿ’ ಎಂದರೆ ಪ್ರಶ್ನೋತ್ತರ ಮುಗಿದು ಇನ್ನು ಕೈಗೆ ಕೆಲಸ ಬಂತೆಂದು ತಿಳಿಯಬೇಕು. ಆಸ್ಪತ್ರೆಗೆ ಹೋಗಿ ರೋಗಿಯನ್ನು ವಿಚಾರಿಸಿಕೊಂಡು ಬರುವವರ ಬಾಯಲ್ಲಿಯೂ ಅದೇ ‘ಕೊಳ್ಳು’ ಇರುತ್ತದಾದರೂ ಯಾರೂ ಹೆದರುವುದಿಲ್ಲ. ಯಾವುದು ಎಂಥದೆಂಬುದನ್ನು ವ್ಯಾಕರಣ ತಿಳಿಸಲಾರದು, ದನಿ ತಿಳಿಸುತ್ತದೆ.

ಸಂಸ್ಕೃತದ ‘ಚರ್’ ಧಾತುವಿಗೆ ನಡೆ, ಸಂಚರಿಸು ಎಂದರ್ಥ. ವಿಚಾರವೆಂದರೆ ಮನಸ್ಸು ಒಂದು ವಿಷಯದ ಸುತ್ತಮುತ್ತ ಓಡಾಡಿ ನೋಡಿ ಬರುವುದು. ಮೈಸೂರು ಕಡೆಯವರು ‘ಯೋಚನೆ ಮಾಡಿ’ ಎನ್ನುವಲ್ಲಿ ನಾವು ‘ವಿಚಾರ ಮಾಡ್ರಿ’ ಎನ್ನುತ್ತೇವೆ. ಇಳಕಲ್ಲಿನ ಅಂಗಡಿಯಲ್ಲಿ ಸೀರೆಗಳನ್ನೆಲ್ಲ ಬಿಡಿಸಿ ಹಾಕಿಸಿದ ಮೇಲೆ ‘ವಿಚಾರ ಮಾಡಿ ಬರ್ತೇವ್ರಿ’ ಎಂದು ಎದ್ದು ಹೋಗುವವರು ಮರಳಿ ಬರುವುದಿಲ್ಲವೆಂಬುದು ಅಂಗಡಿಯವರಿಗೂ ಗೊತ್ತು, ಅದಿರಲಿ. ಮಹಾರಾಷ್ಟ್ರಕ್ಕೆ ಅಂಟಿಕೊಂಡ ಊರುಗಳಲ್ಲಿ ಬರೀ ಕೇಳಿ ತಿಳಿಯುವುದಕ್ಕೆ ಮರಾಠಿಯ ‘ಚೌಕಶಿ’ ಸಲೀಸಾಗಿ ಓಡಾಡುತ್ತದೆ. ದಕ್ಷಿಣದಲ್ಲಿ ಅದರದೇ ಬಳಗದಂತೆ ಕೇಳಿಸುವ ‘ಚೌಕಾಸಿ’ಗೆ ಬೆಲೆ ಜಗ್ಗುವುದೆಂಬ ಅರ್ಥವಿರುವುದರಿಂದ, ‘ಹುಡುಗನ ಚೌಕಶಿ ಮಾಡೀವಿ’ ಎಂಬ ಮಾತು ಬೆಂಗಳೂರಿನ ಬೀಗರ ಕಿವಿಗೆ ವರದಕ್ಷಿಣೆಯ ಮಾತಾಗಿ ಕೇಳಿಸಿದರೆ ತಪ್ಪು ಯಾರದೂ ಅಲ್ಲ. ಚೌಕಶಿ ಇರುವಷ್ಟು ಕಾಲ ವಿಚಾರಕ್ಕೆ ನಮ್ಮಲ್ಲಿ ಚಿಂತನೆಯ ಕೆಲಸ ಉಳಿದೇ ಇರುತ್ತದೆ. ಆದ್ದರಿಂದ ನಮ್ಮ ಕಡೆಯ ಕಿವಿಗೆ ವಿಚಾರಣೆಯೆಂಬ ಶಬ್ದದೊಳಗೆ, ಉತ್ತರಿಸುವವನಷ್ಟೇ ಕೇಳುವವನೂ ತಲೆ ಓಡಿಸತಕ್ಕದ್ದೆಂಬ ಕರಾರು ಕೇಳಿಸುತ್ತದೆ. ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಬಂದವನು ಜುಲುಮೆ ಮಾಡಬಹುದು, ವಿಚಾರಣೆ ಮಾಡಲಾರ.

ಕಾನೂನಿಗೂ ಈ ಕರಾರು ತಕ್ಕಮಟ್ಟಿಗೆ ಗೊತ್ತು. ಸಾಕ್ಷಿಯನ್ನು ಕರೆಸಿದ ವಕೀಲರೇ ನಡೆಸುವ ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಬಾಯಿಗೆ ಇಡುವಂಥ ಪ್ರಶ್ನೆಗಳನ್ನು ಸಾಮಾನ್ಯವಾಗಿ ಕೇಳುವಂತಿಲ್ಲ. ಎದುರು ಪಕ್ಷದವರ ಪಾಟೀಸವಾಲಿನಲ್ಲಿ ಅದಕ್ಕೆ ಅವಕಾಶವಿದೆ. ಆರೋಪಿಯು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದೆಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಮಹಿಳೆಯರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರನ್ನು ಸಾಕ್ಷಿಗಳೆಂದು ಪ್ರಶ್ನಿಸಬೇಕಾದರೆ ಪೊಲೀಸರು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ, ಅವರಿರುವ ಮನೆಗೇ ಹೋಗಬೇಕು. ಯೋಗಕ್ಷೇಮ ವಿಚಾರಿಸುವ ನೆಂಟರ ಪದ್ಧತಿಯನ್ನು ಕಾನೂನು ಪೊಲೀಸರಿಗೂ ಹಚ್ಚಿದೆಯೆಂದು ಇದನ್ನು ಓದಿದಾಗ ನನಗೆ ಅನ್ನಿಸಿತು. ಆದರೆ ಹಿಂಡಲಗಾ ಜೈಲಿನಂಥ ಕಡೆಗಳಲ್ಲಿರುವ ‘ವಿಚಾರಣಾಧೀನ ಕೈದಿ’ ಎಂಬವನ ಹೆಸರಿನಲ್ಲಿ ಎಷ್ಟೇ ವಿಚಾರಣೆಯಿದ್ದರೂ ಅವನ ದಿನಗಳು ಕಳೆಯುವುದು ಬಹುಪಾಲು ಮುಂದಿನ ತಾರೀಖು ಕಾಯುವುದರಲ್ಲಿಯೇ.

ಠಾಣೆಯಿಲ್ಲದ, ವಕೀಲರಿಲ್ಲದ ಇನ್ನೊಂದು ವಿಚಾರಣೆ ನಮ್ಮ ಬಸ್ಸುಗಳೊಳಗೆ ನಡೆಯುತ್ತದೆ. ಪಕ್ಕದ ಸೀಟಿನವರು ‘ಯಾವೂರಾತ್ರಿ ನಿಮ್ಮದು?’ ಎಂದು ಆರಂಭಿಸಿ, ಮಳೆ ಬೆಳೆ ಮುಗಿಸಿ, ‘ಅಡ್ಡಹೆಸರೇನ್ರಿ?’ ಎಂಬಲ್ಲಿಗೆ ಬರುತ್ತಾರೆ. ಊರು ಕೇಳಿದಾಗ ಇದ್ದ ಅಕ್ಕರೆಯಲ್ಲಿ ಸುಳ್ಳೇನೂ ಇರುವುದಿಲ್ಲ; ಅಡ್ಡಹೆಸರಿಗೆ ಬರುವಷ್ಟರಲ್ಲಿ ಅದು ಜಾತಿಯ ಶೋಧವಾಗಿಬಿಟ್ಟಿರುತ್ತದೆ. ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ‘ಇವನಾರವ ಇವನಾರವ ಇವನಾರವನೆಂದೆನಿಸದಿರಯ್ಯಾ’ ಎಂದು ಕೂಡಲಸಂಗಮದೇವನಲ್ಲಿ ಬೇಡಿದ್ದು 12ನೆಯ ಶತಮಾನದಲ್ಲಿ. ಆ ಕೂಡಲಸಂಗಮಕ್ಕೆ ಹೋಗುವ ಬಸ್ಸಿನಲ್ಲಿಯೂ ಈ ಪ್ರಶ್ನೆ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತದೆ. ಬಡಿಗೇರ, ಕಂಬಾರ, ಕುಲಕರ್ಣಿ ಎಂದವರ ವಿಚಾರಣೆ ಬೇಗ ಮುಗಿಯುತ್ತದೆ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ತಾಳುತ್ತಾರೆ. ‘ಬಾದಾಮಿ’ ಎಂದೋ ‘ಮುಧೋಳ’ ಎಂದೋ ಉತ್ತರ ಬಂದಾಗ ಕೇಳಿದವರು ಒಂದು ಕ್ಷಣ ಕಿಟಕಿಯಾಚೆ ನೋಡಿ, ವಿಚಾರ ಮಾಡಿ, ಮತ್ತೆ ಇತ್ತ ತಿರುಗುತ್ತಾರೆ: ‘ಅಂದಂಗ, ನಿಮ್ಮ ಮನಿದೇವರು ಯಾವುದಾತ್ರಿ?’