ಒಂದೇ ಸಲ, ಇನ್ನೊಂದ್ಸಲ

ಬೆಳಿಗ್ಗೆ ಹಾಲಿನ ಬೂತಿನವನು ಚಿಲ್ಲರೆ ಎಣಿಸುತ್ತಾ ಕೇಳಿದ, "ಸಾರ್, ರಾತ್ರಿ ನಿಮ್ಮನ್ನ ಟಿವೀಲಿ ನೋಡಿದ್ವಿ. ಆಕಾಶ ಯಾಕೆ ಸಾರ್ ಅಷ್ಟು ಕೊಳೆಯಾಗಿತ್ತು?" ಸಾಲಿನಲ್ಲಿ ಹಿಂದೆ ನಿಂತವರೂ ಸೇರಿಕೊಂಡರು. "ಹೌದಲ್ವಾ, ನಮ್ಮನೇಲೂ ಅದೇ ಅಂದ್ರು." ಇಷ್ಟು ವರ್ಷ ನಾನು ಏನು ಚಿತ್ರ ಬರೆಯುತ್ತೇನೆ ಎಂದು ಈ ಬೀದಿಯಲ್ಲಿ ಯಾರೂ ಕೇಳಿದವರಲ್ಲ. ಹೆಚ್ಚೆಂದರೆ ಗೇಟಿಗೆ ಯಾವ ಕಂಪನಿ ಪೇಂಟ್ ಒಳ್ಳೆಯದು ಎಂದು ವಿಚಾರಿಸುತ್ತಿದ್ದರು. ಈಗ ಎಲ್ಲರಿಗೂ ನನ್ನ ಆಕಾಶದ್ದೇ ಚಿಂತೆ.

ಆ ಆಕಾಶ ನನ್ನದಲ್ಲ. ಬೂತಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳುತ್ತಾ ನಿಂತರೆ ಹಿಂದಿನವರಿಗೆ ಹಾಲು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಒಂದು ಚಾನೆಲ್‌ನವರು ಚಿತ್ರಕಲೆಯ ಸ್ಪರ್ಧೆ ಇಟ್ಟರು. ಹಾಡು, ಕುಣಿತ, ಅಡುಗೆ, ಅತ್ತೆ ಸೊಸೆ ಎಲ್ಲ ಮುಗಿದು ಉಳಿದವರು ನಾವೇ ಇರಬೇಕು. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿ, ಕುಮಾರಕೃಪಾ ರಸ್ತೆಯ ಬಿಸಿಲಲ್ಲಿ ಕೂತು, "ಫ್ರೇಮ್ ಸೇರಿ ಎಷ್ಟು?" ಎಂದು ಕೇಳಿಸಿಕೊಂಡವನು ನಾನು. ಟಿವಿಯಲ್ಲಿ ಬಂದರೆ ರೇಟು ಏರಬಹುದು ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ವಿಷಯ ‘ಮಳೆ’. ಸಮಯ ಒಂದೂವರೆ ಗಂಟೆ. ಬ್ರಿಟನ್ನಿನ ಸ್ಕೈ ಆರ್ಟ್ಸ್ ಚಾನೆಲ್ 2013ರಲ್ಲಿ ಶುರುಮಾಡಿದ ಭಾವಚಿತ್ರದ ಸ್ಪರ್ಧೆಯಲ್ಲಿ ಒಂದು ಮುಖಕ್ಕೆ 4 ಗಂಟೆ ಕೊಡುತ್ತಾರೆ. ನಮಗೆ ಒಂದೂವರೆ ಗಂಟೆಯಲ್ಲಿ ಇಡೀ ಮುಂಗಾರು ಬರಬೇಕು. ನಡುನಡುವೆ ಆ್ಯಂಕರ್ ಬಂದು, "ಈಗ ನಿಮ್ಮ ಮನಸ್ಸಲ್ಲಿ ಏನು ಓಡ್ತಿದೆ?" ಎಂದು ಬೇರೆ ಕೇಳುತ್ತಾರೆ. ಇವರು ಯಾವಾಗ ಹೋಗ್ತಾರೆ ಅನ್ನೋದೇ ಓಡುತ್ತಿತ್ತು.

ನನ್ನ ಪಕ್ಕದ ಟೇಬಲ್ಲಿನವರು ಮೈಸೂರು ಶೈಲಿಯವರು, ಪಾಪ. ಉಬ್ಬು ಬರುವಂತೆ ಲೇಪ ಬಳಿಯುವ ಗೆಸ್ಸೊ ಕೆಲಸ ಮಾಡಿ, ಅದು ಒಣಗಿ, ಮೇಲೆ ಚಿನ್ನದ ಹಾಳೆ ಕೂರಿಸುವುದು ದಿನಗಟ್ಟಲೆ ಹಿಡಿಯುವ ಕೆಲಸ. ಅರ್ಧ ಮನೆಯಲ್ಲೇ ಮಾಡಿಕೊಂಡು ಬಂದಿದ್ದರು. ಹಾಳೆ ಬಿಡಿಸಿದ್ದೇ ತಡ, ಆ್ಯಂಕರ್ ಕೂದಲು ಹಾರಲಿ ಎಂದು ಯಾರೋ ಫ್ಯಾನ್ ಹಾಕಿದರು. ಉಸಿರು ತಾಗಿದರೇ ಹಾರುವ ಹಾಳೆ ಅದು. ಅರ್ಧ ಚಿನ್ನ ಹೋಗಿ ಒಬ್ಬ ಜಡ್ಜ್ ಕೋಟಿನ ಮೇಲೆ ಕೂತಿತು. ಅವರು ಒರೆಸಿಕೊಳ್ಳಲಿಲ್ಲ. ಚೆನ್ನಾಗಿ ಕಾಣುತ್ತಿತ್ತು.

ನಾನು ಬರೆದದ್ದು ಕುಕ್ಕರಹಳ್ಳಿ ಕೆರೆ ಏರಿಯಿಂದ ಕಾಣುವ ಚಾಮುಂಡಿ ಬೆಟ್ಟ, ಮಳೆ ಬರುವ ಮುಂಚಿನದು. ಜಲವರ್ಣ. ಕಾಗದ ಒದ್ದೆ ಮಾಡಿ, ಬೋರ್ಡು ಸ್ವಲ್ಪ ಓರೆ ಇಟ್ಟು, ಮೇಲಿಂದ ಕೆಳಕ್ಕೆ ಆಕಾಶವನ್ನು ಒಂದೇ ಉಸಿರಿನಲ್ಲಿ ಎಳೆದೆ. ಕಾಗದದ ಮೇಲೆ ನೀರಿನ ಹೊಳಪು ಇರುವ ತನಕ ಮುಟ್ಟಬಹುದು. ಹೊಳಪು ಹೋಯಿತೋ, ಕೈಕಟ್ಟಿ ಕೂರಬೇಕು. ಆಗ ಒದ್ದೆ ಬ್ರಷ್ ತಾಗಿದರೆ ಹೊಸ ನೀರು ಅರೆಬರೆ ಒಣಗಿದ ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಕಟ್ಟುತ್ತದೆ. ಮೈಸೂರಿನ ನಮ್ಮ ಕಲಾ ಕಾಲೇಜು ಕಾವಾದಲ್ಲಿ ಮೊದಲ ವರ್ಷದ ಹುಡುಗರಿಗೂ ಇದು ಗೊತ್ತು. ಫ್ಲೋರ್ ಮ್ಯಾನೇಜರ್‌ಗೆ ಗೊತ್ತಿರಲಿಲ್ಲ.

"ಸೂಪರ್ ಸಾರ್! ಇನ್ನೊಂದ್ಸಲ."

"ಏನು ಇನ್ನೊಂದ್ಸಲ?"

"ಆಕಾಶ ಸಾರ್. ಕ್ಯಾಮೆರಾ ಆ ಕಡೆ ಇತ್ತು."

"ಅದು ಒಂದೇ ಸಲ ಎಳೆಯೋದಪ್ಪಾ."

"ಹೌದು ಸಾರ್. ಒಂದೇ ಸಲ, ಇನ್ನೊಂದ್ಸಲ."

ಸರಿ, ಗಾಳಿಯಲ್ಲೇ ಬ್ರಷ್ ಆಡಿಸಿದೆ. ಬಣ್ಣ ಬರುತ್ತಿಲ್ಲ ಅಂತ ಕ್ಯಾಮೆರಾಕ್ಕೆ ಗೊತ್ತಾಗುತ್ತಿದೆಯಂತೆ. ಬರೀ ನೀರಲ್ಲಿ ಅದ್ದಿ ಎಂದ. ಮೊದಲನೇ ಹೂಕೋಸು ಅರಳಿತು. ಆಮೇಲೆ ಟಾಪ್ ಆ್ಯಂಗಲ್. "ನಿಮ್ಮ ತಲೆ ಅಡ್ಡ ಬರ್ತಿದೆ, ತಲೆ ಸ್ವಲ್ಪ ತೆಗೀರಿ." ತಲೆ ತೆಗೆದು, ಎತ್ತಲೋ ನೋಡುತ್ತಾ ಬ್ರಷ್ ಎಳೆದೆ. ಆಮೇಲೆ ಸ್ಲೋ ಮೋಷನ್‌ಗೆ ಒಂದು. "ನೀವು ನಿಧಾನ ಮಾಡ್ಬೇಡಿ ಸಾರ್, ಅದು ನಾವು ಮಾಡ್ಕೋತೀವಿ." ಆಮೇಲೆ ನಗ್ತಾ ಒಂದು. ಕಾರ್ಮೋಡ ಬರೆಯುವವನು ಯಾಕಪ್ಪಾ ನಗಬೇಕು ಎಂದೆ. "ಮಳೆ ಬಂದ್ರೆ ಖುಷಿ ಅಲ್ವಾ ಸಾರ್, ರೈತರಿಗೆ?" ಎಂದ. ಇದಕ್ಕೆ ಉತ್ತರ ಎಲ್ಲಿಂದ ತರೋದು?

ಇನ್ನಾದರೂ ಆರಲಿ ಎಂದು ಕೈಕಟ್ಟಿ ಕೂತೆ. ಓಡಿ ಬಂದ. "ಸಾರ್, ಸುಮ್ನೆ ಕೂತ್ರೆ ಕಟ್ ಮಾಡ್ಬೇಕಾಗುತ್ತೆ."

"ಒಣಗಲಿ ಅಂತ ಕಾಯ್ತಿದೀನಿ."

"ಕಾಯಿರಿ ಸಾರ್, ಬೇಡ ಅನ್ನಲ್ಲ. ಸ್ವಲ್ಪ ಓಡಾಡ್ಕೊಂಡು ಕಾಯಿರಿ."

ಹಾಗೆ ಓಡಾಡುತ್ತಿದ್ದಾಗಲೇ ಕೆ. ವೆಂಕಟಪ್ಪನವರು (1886–1965) ನೆನಪಾದರು. ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದವರು, ಊಟಿಯ ಬೆಟ್ಟ, ಮಂಜು ಎಲ್ಲವನ್ನೂ ಜಲವರ್ಣದಲ್ಲಿ ಹಿಡಿದವರು. ವೀಣೆಯನ್ನೂ ಕಲಿತಿದ್ದರು, ಅದೂ ಹೆಸರಾಂತ ವೈಣಿಕ ಶೇಷಣ್ಣನವರ ಹತ್ತಿರ. ಓದುವ ದಿನಗಳಲ್ಲಿ ಬೆಂಗಳೂರಿಗೆ ಬಂದಾಗ ಅವರ ಹೆಸರಿನ ಗ್ಯಾಲರಿಗೆ ಹೋಗಿ ಆ ಚಿತ್ರಗಳ ಮುಂದೆ ನಿಲ್ಲುತ್ತಿದ್ದೆ. ಮಂಜು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಎಂದು ಹುಡುಕುತ್ತಿದ್ದೆ. ಎಷ್ಟು ಹೊತ್ತು ಕಾದಿರಬೇಕು ಆ ಮನುಷ್ಯ! ಮಂಜು ಇಳಿಯಲಿ ಎಂದು, ಕಾಗದ ಆರಲಿ ಎಂದು. ಚಿತ್ರ ಬರೆಯುವುದರಲ್ಲಿ ಜಾಸ್ತಿ ಪಾಲು ಸುಮ್ಮನೆ ಕೂರುವುದೇ. ನನಗೆ ಇಷ್ಟವಾದದ್ದೂ ಅದೇ. ಅದನ್ನು ತೋರಿಸಲು ಟಿವಿಯಲ್ಲಿ ಜಾಗವಿಲ್ಲ.

ಗೆದ್ದವನು ಒಬ್ಬ ಹುಡುಗ. ಕಪ್ಪು ಬೋರ್ಡಿನ ಮೇಲೆ ಗೋಂದಿನಲ್ಲಿ ತಲೆಕೆಳಗಾಗಿ ಏನೋ ಗೀಚಿದ, ಹೊಳೆಯುವ ಪುಡಿ ಎರಚಿದ, ಬೋರ್ಡು ತಿರುಗಿಸಿದ. ಅಪ್ಪು! ನಗುತ್ತಿದ್ದರು. ಇಡೀ ಸ್ಟುಡಿಯೋ ಎದ್ದು ನಿಂತಿತು. ಲೈಟ್ ಹುಡುಗರು ಕಣ್ಣೊರೆಸಿಕೊಂಡರು. ಮಳೆ ಎಲ್ಲಿ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪು ಎದುರಿಗಿದ್ದರೆ ನಾನು ಜಡ್ಜ್ ಆಗಿದ್ದರೂ ಅವನಿಗೇ ಕೊಡುತ್ತಿದ್ದೆ. ಆದರೆ ಅದಕ್ಕೂ ರೀಟೇಕ್ ಬೇಕಾಯಿತು. ಎಲ್ಲರೂ ಕೂತು, ಮತ್ತೆ ಎದ್ದು, ಇನ್ನೊಂದ್ಸಲ ಅತ್ತೆವು.

ಕೋಟಿನ ಮೇಲೆ ಚಿನ್ನ ಇದ್ದ ಜಡ್ಜ್ ನನ್ನ ಹೂಕೋಸುಗಳನ್ನು ತೋರಿಸಿ, "ಮೋಡದಲ್ಲಿ ಎಷ್ಟು ಡೀಟೇಲ್!" ಎಂದು ಹೊಗಳಿದ್ದರು. ಎಡಿಟ್‌ನಲ್ಲಿ ಆ ಮಾತು ಹಾರಿಹೋಗಿದೆ. ಕೊಳೆ ಮಾತ್ರ ಉಳಿದಿದೆ.

ಇದನ್ನು ಬರೆಯುತ್ತಿರುವಾಗಲೇ ಚಾನೆಲ್‌ನಿಂದ ಫೋನ್ ಬಂತು. ಯಾರೋ ಹೊಸ ಹುಡುಗ. "ಸಾರ್, ನಿಮ್ಮ ಪೇಂಟಿಂಗ್ ಮೇಲೆ ಕಾಫಿ ಚೆಲ್ಲಿಹೋಗಿದೆ. ಫಿನಾಲೆಗೆ ಎಲ್ಲರದೂ ನೇತುಹಾಕ್ತಿದೀವಿ. ಸೇಮ್ ಅದೇ ತರ ಇನ್ನೊಂದು ಮಾಡಿಕೊಡ್ತೀರಾ?"

"ಮಾಡ್ತೀನಪ್ಪಾ. ಬೆಟ್ಟ, ಕೆರೆ, ಮರ ಎಲ್ಲ ಮಾಡಿ ಆಕಾಶದ ಜಾಗ ಖಾಲಿ ಬಿಟ್ಟು ಕಳಿಸ್ತೀನಿ. ನಿಮ್ಮ ಫ್ಲೋರ್ ಮ್ಯಾನೇಜರ್ ಕೈಲಿ ತುಂಬಿಸಿಕೊಳ್ಳಿ."

"ಓಕೆ ಸಾರ್. ಅವರಿಗೆ ಬ್ರಷ್ಷೂ ನೀವೇ ಕಳಿಸ್ತೀರಾ?"