ಬರೀ 16 ಗಂಟೆ

"ಬರೀ 16 ಗಂಟೆ ಅಪ್ಪ, ಡೈರೆಕ್ಟ್ ಫ್ಲೈಟು" ಅಂತ ಮಗ ಫೋನಿನಲ್ಲಿ ಹೇಳಿದಾಗಲೇ ಆ 'ಬರೀ' ನನಗೆ ಚುಚ್ಚಿತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೆಟ್ಟಗೆ ಹೋದರೂ ಸುಮಾರು 14,000 ಕಿಲೋಮೀಟರ್. ದೂರ ಎಷ್ಟು ಅಂತ ಕೇಳಿದರೆ ಗಂಟೆ ಹೇಳುವ ಚಟ ಜನಕ್ಕೆ ಯಾವಾಗ ಹತ್ತಿತೋ! ಅದೂ ಆ 16 ಗಂಟೆಯ ಲೆಕ್ಕ ಶುರುವಾಗೋದು ವಿಮಾನ ಹತ್ತಿದ ಮೇಲೆ. ನಮ್ಮ ಪ್ರಯಾಣ ಶುರುವಾಗಿದ್ದು ಮೂಲೆಯ ಗುಜರಿ ಅಂಗಡಿಯಲ್ಲಿ.

ಒಂದು ಸೂಟ್‌ಕೇಸಿಗೆ 23 ಕೆಜಿ, ಅಷ್ಟೇ. ಮನೆಯಲ್ಲಿ ತೂಕದ ಮೆಷಿನ್ನು ಇದೆ, ಆದರೆ ಸೂಟ್‌ಕೇಸ್ ಅದರ ಮೇಲಿಟ್ಟರೆ ನಂಬರೇ ಕಾಣೋದಿಲ್ಲ. ಅಪ್ಪಿಕೊಂಡು ನಿಂತರೆ ನನ್ನ ಸೊಂಟ ಕೇಳೋದಿಲ್ಲ. ಹಾಗಾಗಿ ಉರುಳಿಸಿಕೊಂಡು ಗುಜರಿಯವನ ಹತ್ತಿರ ಹೋದೆ. ಅವನು ಹಳೇ ಫ್ಯಾನೊಂದನ್ನು ಪಕ್ಕಕ್ಕಿಟ್ಟು, ತಕ್ಕಡಿಯ ಧೂಳು ಒರೆಸಿ ತೂಗಿದ. ಇಪ್ಪತ್ತೆರಡೂವರೆ. ದುಡ್ಡೂ ಬೇಡ ಅಂದ, ಪಾಪ. ಇನ್ನೂ ಅರ್ಧ ಕೆಜಿ ಜಾಗ ಇದೆ ಅಂತ ಹೆಂಡತಿ ಖುಷಿಯಿಂದ ಸಾರಿನ ಪುಡಿ ತುರುಕಿದಳು.

ಏರ್‌ಪೋರ್ಟಿನ ಕೌಂಟರಿನಲ್ಲಿ ಇಪ್ಪತ್ತೈದೂವರೆ!

ಹತ್ತು ವರ್ಷದಿಂದ ನಮ್ಮ ಮನೆಯ ಹಳೇ ಪೇಪರ್ ತೂಗಿದ ತಕ್ಕಡಿ ಅದು ಅಂತ ಆಗ ಹೊಳೆಯಿತು. ಪೇಪರ್ ಹಾಕುವಾಗಲೆಲ್ಲ "ಏನಪ್ಪಾ, ಇಷ್ಟೇನಾ?" ಅಂತ ಗೊಣಗಿದವನು ನಾನೇ. ಆದರೂ ಸೂಟ್‌ಕೇಸ್ ಹೊತ್ತುಕೊಂಡು ಅಲ್ಲಿಗೇ ಹೋಗಿದ್ದೆ. ಉದ್ದ ಕ್ಯೂನ ಎದುರು ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿದೆ. ಬನಿಯನ್ನು, ಮಾತ್ರೆ ಡಬ್ಬಿ ಎಲ್ಲ ಊರಿಗೆ ಪ್ರದರ್ಶನ. ಮೇ ತಿಂಗಳ ಸೆಕೆಯಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡೆ. ಕೋಡುಬಳೆ ಡಬ್ಬಿ ಕೈಗೆ ಬಂತು. ಹೆಂಡತಿ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ಡಬ್ಬಿ ತೊಡೆಯ ಮೇಲಿಟ್ಟುಕೊಂಡೇ ಸ್ಕ್ರೀನಿನಲ್ಲಿ ನಕ್ಷೆ ನೋಡುತ್ತಾ ಕೂತೆ. ಗ್ಲೋಬಿನ ಮೇಲೆ ದಾರ ಬಿಗಿಹಿಡಿದರೆ ಹತ್ತಿರದ ದಾರಿ ಉತ್ತರ ಧ್ರುವದ ಕಡೆಗೆ ಬಾಗಿಕೊಂಡು ಹಾದು ಹೋಗುತ್ತೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನವನ್ನು ಧ್ರುವದ ಮೇಲೆ ಹಾರಿಸಿಕೊಂಡು ಬಂದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ನಮ್ಮದು ಪೆಸಿಫಿಕ್ ಕಡೆಯಿಂದ ಸುತ್ತಿಕೊಂಡು ಹೋಯಿತು. ದಾರಿ ಜಾಸ್ತಿ, ಆದರೆ ಹಿಂದಿನಿಂದ ಗಾಳಿ ನೂಕುತ್ತಂತೆ. ಮಧ್ಯಾಹ್ನ ಹೊರಟವರು ಅದೇ ದಿನ ಸಂಜೆ ಇಳಿದೆವು. "ನೋಡಪ್ಪ, ಗಡಿಯಾರದ ಪ್ರಕಾರ ಮೂರೂವರೆ ಗಂಟೆ ಅಷ್ಟೇ" ಅಂತ ಮಗ ಅದನ್ನೂ ಲಾಭದ ಲೆಕ್ಕಕ್ಕೇ ಬರೆದ. ವಾಪಸ್ ಬರುವಾಗ ಇಡೀ ಒಂದು ದಿನ ಎಲ್ಲಿ ಹೋಯಿತೋ, ಅದರ ಸುದ್ದಿಯೇ ಇಲ್ಲ.

ಕೋಡುಬಳೆ ಅರ್ಧ ಪುಡಿಯಾಗಿತ್ತು. ಮಗ ಪುಡಿಯನ್ನೂ ಬಿಡಲಿಲ್ಲ ಅನ್ನಿ.

ಊರಿಗೆ ಬಂದ ಮೇಲೆ, ಬಾಗಿಲಲ್ಲಿ ರಾಶಿ ಬಿದ್ದಿದ್ದ ಪೇಪರ್ ಹೊತ್ತುಕೊಂಡು ಗುಜರಿ ಅಂಗಡಿಗೆ ಹೋದೆ.

"ಅಮೆರಿಕ ಎಷ್ಟು ದೂರ ಆಯ್ತು ಸಾರ್?" ಅಂತ ಕೇಳಿದ.

"ನಿನ್ನ ತಕ್ಕಡಿ ಲೆಕ್ಕದಲ್ಲಿ 12,600 ಕಿಲೋಮೀಟರ್ ಕಣಪ್ಪ" ಅಂದೆ.

ಅವನು ತಲೆಯೆತ್ತಲಿಲ್ಲ. "ಆರೂವರೆ ಕೆಜಿ ಸಾರ್" ಅಂದ.