ನಮ್ಮ ಸಾಲು ಬರುವ ತನಕ ಕಾಯುತ್ತಿದ್ದೆವು

‘ಮಿಲೇ ಸುರ್ ಮೇರಾ ತುಮ್ಹಾರಾ’ ಹಿಂದಿ ಹಾಡು ಅಂತ ಚಿಕ್ಕವರಿದ್ದಾಗ ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಹಲವು ಭಾಷೆಯ ಸಾಲುಗಳು ಒಂದರ ಹಿಂದೆ ಒಂದು ಬರುವ ಟಿವಿ ಹಾಡು ಅದು, ಅಷ್ಟೇ. 1988ರ ಸ್ವಾತಂತ್ರ್ಯ ದಿನದಂದು ದೂರದರ್ಶನದಲ್ಲಿ ಮೊದಲ ಸಲ ಬಂತು. ಆಮೇಲೆ ಎರಡು ಕಾರ್ಯಕ್ರಮಗಳ ನಡುವೆ ಯಾವಾಗ ಬೇಕಾದರೂ ಬರುತ್ತಿತ್ತು. ತಂಬೂರಿ ಜೊತೆ ಭೀಮಸೇನ ಜೋಶಿಯವರ ದನಿ ಕೇಳಿದರೆ ಸಾಕು, ಬೀದಿಯಲ್ಲಿ ಆಡುತ್ತಿದ್ದವರೆಲ್ಲ ಒಳಗೆ ಓಡಿ ಬರುತ್ತಿದ್ದೆವು.

ಕಾಯುತ್ತಿದ್ದುದು ಕನ್ನಡದ ಸಾಲಿಗೆ. ತಮಿಳು ಮುಗಿಯಿತು ಅಂದರೆ ಮುಂದಿನದು ನಮ್ಮದೇ. ಆ ಒಂದು ಸಾಲನ್ನು ಎಲ್ಲರೂ ಕೂಗಿ ಹಾಡುತ್ತಿದ್ದೆವು. ಪ್ರಕಾಶ್ ಪಡುಕೋಣೆ ಕಂಡರೆ ಅಪ್ಪ ಪ್ರತಿ ಸಲವೂ ‘ನಮ್ಮವನು ನೋಡ್ರೋ’ ಅನ್ನುತ್ತಿದ್ದರು. ಆದರೆ ನಮ್ಮ ಸಾಲು ಆಯಿತು ಅಂತ ಯಾರೂ ಎದ್ದು ಹೋಗುತ್ತಿರಲಿಲ್ಲ. ಮಲಯಾಳಂ ಬರಬೇಕು, ಆನೆ ಬರಬೇಕು. ಬಂಗಾಳಿ ಬರಬೇಕು, ಕೋಲ್ಕತ್ತಾದ ಮೆಟ್ರೋ ಬರಬೇಕು. ನೆಲದಡಿ ಓಡುವ ರೈಲನ್ನು ನಾನು ಮೊದಲು ನೋಡಿದ್ದೇ ಆ ಹಾಡಿನಲ್ಲಿ.

ಈಗ ಯೋಚಿಸಿದರೆ, ಆ ಹಾಡು ಮಾಡಿದ ದೊಡ್ಡ ಕೆಲಸ ಬೇರೆಯೇ ಇದೆ ಅನ್ನಿಸುತ್ತದೆ. ಅದರಲ್ಲಿ 14 ಭಾಷೆ ಇತ್ತು. ನನ್ನ ದನಿಗೆ ನಿನ್ನ ದನಿ ಸೇರಿದರೆ ಅದು ನಮ್ಮ ದನಿ ಅಂತ ಎಲ್ಲದರಲ್ಲೂ ಹೆಚ್ಚುಕಮ್ಮಿ ಅದೇ ಮಾತು, ಅದೇ ರಾಗ. ಹಾಗಾಗಿ ಕಾಶ್ಮೀರಿ, ಒಡಿಯಾ, ಅಸ್ಸಾಮಿ ನಮಗೆ ಬರದಿದ್ದರೂ ಅವರೇನು ಹೇಳುತ್ತಿದ್ದಾರೆ ಅಂತ ಗೊತ್ತಿತ್ತು. ಪರದೆಯ ಕೆಳಗೆ ಅರ್ಥ ಬರೆಯಬೇಕಾಗಿರಲಿಲ್ಲ. ಬೇರೆ ಭಾಷೆಯ ಮಾತು ಕಿವಿಗೆ ಬಿದ್ದರೆ ಅದು ಹೊರಗಿನದು ಅನ್ನಿಸದ ಹಾಗೆ ಒಂದು ಇಡೀ ತಲೆಮಾರಿನ ಕಿವಿಯನ್ನು ಆ ಹಾಡು ತಯಾರು ಮಾಡಿತು. ಇದನ್ನು ನಾನು ತುಂಬಾ ನಂಬಿ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ ದೊಡ್ಡವನಾದ ಮೇಲೆ ಹೊಳೆದದ್ದು. ಶುರುವಿನ ಹಿಂದಿ ಸಾಲು ಹಾಡಿದವರು ಗದಗ ಸೀಮೆಯ ಭೀಮಸೇನ ಜೋಶಿ. ತಮಿಳು ಸಾಲು ಹಾಡಿದ ಬಾಲಮುರಳಿಕೃಷ್ಣ ಅವರ ಮನೆಮಾತು ತೆಲುಗು. ನಿನ್ನ ಭಾಷೆಯ ಪಾಲಷ್ಟೇ ನಿನ್ನದು ಅಂತ ಯಾರಿಗೂ ಗೆರೆ ಎಳೆದು ಕೊಟ್ಟಿರಲಿಲ್ಲ, ಅಲ್ವಾ? ರಾಗವಂತೂ ಭೈರವಿ. ಹಿಂದೂಸ್ತಾನಿ ಕಛೇರಿಯಲ್ಲಿ ಸಾಮಾನ್ಯವಾಗಿ ಕೊನೆಗೆ ಹಾಡುವ ರಾಗ. ಹಾಡಿಗೆ ಸಂಗೀತ ಮಾಡಿದ ಅಶೋಕ್ ಪತ್ಕಿ, ಲೂಯಿಸ್ ಬ್ಯಾಂಕ್ಸ್ ಅದನ್ನು ಎಷ್ಟು ಹಗುರವಾಗಿ ಊರೂರಿಗೆ ಕರೆದುಕೊಂಡು ಹೋಗಿದ್ದಾರೆ ಅಂದರೆ, ಪ್ರತಿ ಸಾಲೂ ಆ ಊರಿನಲ್ಲೇ ಹುಟ್ಟಿದ ಹಾಗಿದೆ.

2010ರ ಗಣರಾಜ್ಯೋತ್ಸವಕ್ಕೆ ಹೊಸ ರೂಪ ಬಂತು. 15 ನಿಮಿಷಕ್ಕೂ ಜಾಸ್ತಿ ಇತ್ತು. ಒಳ್ಳೊಳ್ಳೆಯ ಕಲಾವಿದರಿದ್ದರು. ಆದರೂ ಮನಸ್ಸಿಗೆ ಹತ್ತಲಿಲ್ಲ. ತಾರೆಯರು ಹಳೆಯದರಲ್ಲೂ ಇದ್ದರು, ಅಮಿತಾಭ್ ಇದ್ದರು, ಕಮಲ್ ಹಾಸನ್ ಇದ್ದರು. ಆದರೆ ಅಲ್ಲಿ ಅವರು ಜನರ ನಡುವೆ ಬಂದು ಹೋಗುತ್ತಿದ್ದರು. ಹೊಸದರಲ್ಲಿ ನಾವು ಮುಖಗಳನ್ನು ಗುರುತು ಹಿಡಿಯುತ್ತಾ ಕೂತೆವು, ಭಾಷೆ ಹಿಂದೆ ಬಿತ್ತು.

ಹಳೆಯದರಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಆಗ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ, ಅಂದರೆ ಸಂವಿಧಾನ ಗುರುತಿಸಿದ ಭಾಷೆಗಳ ಪಟ್ಟಿಯಲ್ಲಿ, ಇದ್ದದ್ದು 15 ಭಾಷೆ. ಸಂಸ್ಕೃತ ಒಂದನ್ನು ಬಿಟ್ಟು ಉಳಿದ 14 ಹಾಡಿನಲ್ಲಿದ್ದವು. ಪಟ್ಟಿಯಲ್ಲಿ ಇಲ್ಲದ ಭಾಷೆಗೆ ಹಾಡಿನಲ್ಲೂ ಜಾಗ ಸಿಗಲಿಲ್ಲ. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ ಪಟ್ಟಿಗೆ ಸೇರಿದವು. ಈಗ 22 ಆಗಿವೆ. ತುಳು, ಕೊಡವ ಇನ್ನೂ ಹೊರಗೇ ನಿಂತಿವೆ. ನಮ್ಮ ಜೊತೆ ಕೂತು ನೋಡುತ್ತಿದ್ದ ಪಕ್ಕದ ಮನೆಯ ತುಳು ಹುಡುಗಿ ತನ್ನ ಸಾಲು ಅಂತ ಯಾವುದನ್ನು ಕೂಗಬೇಕಿತ್ತು? ಅವಳೂ ಕನ್ನಡದ ಸಾಲನ್ನೇ ನಮ್ಮಷ್ಟೇ ಜೋರಾಗಿ ಹಾಡುತ್ತಿದ್ದಳು. ಅದು ನಮಗೆ ಸಿಕ್ಕ ಪ್ರೀತಿ. ಅದಕ್ಕೆ ನಾವು ಏನಾದರೂ ವಾಪಸ್ ಕೊಡಬೇಕಲ್ಲ.

ಮತ್ತೊಮ್ಮೆ ಯಾರಾದರೂ ಈ ಹಾಡು ಮಾಡುವುದಾದರೆ ರಾಗ ಅದೇ ಇರಲಿ, ಆರು ನಿಮಿಷವೇ ಸಾಕು. ತುಳು, ಕೊಡವ, ಬ್ಯಾರಿ, ಲಂಬಾಣಿಗೆ ಒಂದೊಂದು ಸಾಲು ಸಿಗಲಿ. ಈ ಭಾಷೆಗಳನ್ನು ಮನೆಯಲ್ಲಿ ಆಡುವವರು ಇದನ್ನು ಓದುತ್ತಿದ್ದರೆ, ಆ ಸಾಲು ನಿಮ್ಮ ಮಾತಿನಲ್ಲಿ ಹೇಗಾಗುತ್ತದೆ ಅಂತ ದಯವಿಟ್ಟು ಕೆಳಗೆ ಬರೆಯಿರಿ. ಅದೇ ರಾಗಕ್ಕೆ ಕೂರಿಸಿ ಹಾಡಿಕೊಳ್ಳಬೇಕು ಅಂತ ಆಸೆ ಇದೆ.